ಬೆನ್ನುಮೂಳೆಗೆ ಸಿಮೆಂಟ್

ಕೇಳುಗರಿಗೆ ನಮಸ್ಕಾರ.

ಲಂಡನ್ನಿನಲ್ಲಿ ಸಾರಾ ನ್ಯೂಬರಿ ಅಂತ ಒಬ್ಬ ಹೆಂಗಸು ಇದ್ದಳು. ಬಗ್ಗಿದರೆ ಸಾಕು, ಬೆನ್ನಲ್ಲಿ ತಡೆಯಲಾಗದ ನೋವು. ಒಂದು ದಿನ ಗಂಡ ಅವಳನ್ನು ಎತ್ತಿ ಹಾಸಿಗೆಗೆ ಕರೆದೊಯ್ಯುವಾಗ ತೊಡೆಯ ಮೂಳೆಗಳೇ ಮುರಿದವು. 1844ರಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಕೊಟ್ಟ ಔಷಧ ಏನು ಗೊತ್ತಾ? ಕಿತ್ತಳೆ ಸಿಪ್ಪೆ ಹಾಕಿದ ಕಷಾಯ! ಕೆಲವೇ ದಿನಕ್ಕೆ ತೀರಿಕೊಂಡಳು. ವಯಸ್ಸು 39.

ಅವಳದ್ದು ಮಲ್ಟಿಪಲ್ ಮೈಲೋಮಾ. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ರಕ್ತದ ಕ್ಯಾನ್ಸರ್. ನಮ್ಮ ಮೂಳೆ ದಿನಾ ಸವೆಯುತ್ತದೆ, ದಿನಾ ತುಂಬಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಸವೆತ ಜಾಸ್ತಿ, ತುಂಬುವುದು ಕಮ್ಮಿ. ಗೆದ್ದಲು ಹಿಡಿದ ತೊಲೆಯ ಹಾಗೆ. ಜೋರಾಗಿ ಕೆಮ್ಮಿದರೂ, ಒಂದು ಬಕೆಟ್ ನೀರು ಎತ್ತಿದರೂ ಬೆನ್ನುಮೂಳೆಯ ಒಂದು ಮಣಿ ಕುಸಿಯಬಹುದು.

ಆಪರೇಷನ್ ಅಂದ ಕೂಡಲೇ ಮನೆಯವರಿಗೆ ಕಾಣುವುದು ಬೆನ್ನು ಸೀಳಿ ಹಾಕುವ ರಾಡು, ಸ್ಕ್ರೂ. ಎಷ್ಟೋ ಜನರಿಗೆ ಅದು ಬೇಕಾಗುವುದೇ ಇಲ್ಲ. ಎಕ್ಸ್‌-ರೇ ಪರದೆ ನೋಡುತ್ತಾ, ಕುಸಿದ ಮಣಿಯೊಳಗೆ ದಪ್ಪ ಸೂಜಿ ಇಳಿಸಿ ಸಿಮೆಂಟ್ ತುಂಬುತ್ತಾರೆ. ಇದು ವರ್ಟಿಬ್ರೋಪ್ಲಾಸ್ಟಿ. 1984ರಲ್ಲಿ ಫ್ರಾನ್ಸಿನಲ್ಲಿ ಶುರುವಾಗಿದ್ದು. ಮೊದಲು ಪುಟ್ಟ ಬಲೂನ್ ಉಬ್ಬಿಸಿ ಜಾಗ ಮಾಡಿಕೊಂಡರೆ ಅದಕ್ಕೆ ಕೈಫೋಪ್ಲಾಸ್ಟಿ ಎನ್ನುತ್ತಾರೆ. ಸಿಮೆಂಟ್ ಅಂದರೆ ಮನೆ ಕಟ್ಟುವುದಲ್ಲ, ಮಾರಾಯ್ರೇ! ಕಟ್ಟಿಸಿದ ಹಲ್ಲಿನ ಸೆಟ್ ಇದೆಯಲ್ಲ, ಆ ಅಕ್ರಿಲಿಕ್ ಜಾತಿಯದು. ಕಲಸಿದ ಸ್ವಲ್ಪ ಹೊತ್ತಿಗೇ ಗಟ್ಟಿಯಾಗುತ್ತದೆ. ಪಕ್ಕಕ್ಕೆ ಸೋರಿದರೆ ನರಕ್ಕೆ ಪೆಟ್ಟಾಗಬಹುದು, ಅದಕ್ಕೇ ಡಾಕ್ಟರ ಕಣ್ಣು ಪರದೆ ಬಿಟ್ಟು ಕದಲುವುದಿಲ್ಲ. 2011ರಲ್ಲಿ 134 ಕ್ಯಾನ್ಸರ್ ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಬಲೂನ್ ಚಿಕಿತ್ಸೆ ಪಡೆದವರಿಗೆ ದಿನದ ಕೆಲಸಗಳು ಒಂದೇ ತಿಂಗಳಲ್ಲಿ ಎಷ್ಟೋ ಹಗುರವಾಗಿದ್ದವು. ಉಳಿದವರು ಹೆಚ್ಚುಕಮ್ಮಿ ಇದ್ದ ಹಾಗೇ ಇದ್ದರು.

ಇನ್ನು, ಗಡ್ಡೆ ಬೆಳೆದು ಬೆನ್ನುಹುರಿಯನ್ನು ಒತ್ತುವುದೂ ಉಂಟು. ಆಗಲೂ ಮೊದಲು ಚಾಕು ಬೇಕೆಂದಿಲ್ಲ. ಮೈಲೋಮಾ, ಲಿಂಫೋಮಾ (ಇದೂ ಒಂದು ಬಗೆಯ ರಕ್ತದ ಕ್ಯಾನ್ಸರೇ) ಗಡ್ಡೆಗಳು ಸ್ಟೀರಾಯ್ಡಿಗೂ ರೇಡಿಯೇಷನ್ನಿಗೂ ಬೇಗ ಬಗ್ಗುತ್ತವೆ, ಕರಗುತ್ತವೆ. ಮುರಿದ ಮೂಳೆಚೂರೇ ಹುರಿಗೆ ಚುಚ್ಚುತ್ತಿದ್ದರೆ, ಬೆನ್ನು ಅಲುಗಾಡುತ್ತಿದ್ದರೆ ಮಾತ್ರ ರೇಡಿಯೇಷನ್ ಸಾಲದು. ಅಲ್ಲಿ ರಾಡು, ಸ್ಕ್ರೂ ಬೇಕು. ಆದರೆ ಇವರಿಗೆ ಪ್ಲೇಟ್ಲೆಟ್ ಕಮ್ಮಿ ಇರಬಹುದು, ರಕ್ತ ನಿಲ್ಲುವುದು ಕಷ್ಟ. ಸೋಂಕೂ ಬೇಗ ತಗಲುತ್ತದೆ. ಹಾಗಾಗಿ ರಕ್ತದ ಡಾಕ್ಟರು, ಬೆನ್ನಿನ ಡಾಕ್ಟರು ಕೂತು ಮಾತಾಡಿದ ಮೇಲೆಯೇ ಮುಂದಿನ ಹೆಜ್ಜೆ.

ಮೈಲೋಮಾ ಇರುವವರು ಬೆನ್ನು ನೋವಿಗೆ ಅಂಗಡಿಯಿಂದ ಸುಮ್ನೆ ಮಾತ್ರೆ ತಂದು ನುಂಗಬೇಡಿ. ಕೆಲವು ನೋವಿನ ಮಾತ್ರೆಗಳು ಮೊದಲೇ ಸೋತ ಕಿಡ್ನಿಯನ್ನು ಇನ್ನೂ ಕೆಡಿಸುತ್ತವೆ. ಕಾಲು ಜೋಮು ಹಿಡಿದರೆ, ನಡಿಗೆ ತಪ್ಪಿದರೆ, ಮೂತ್ರ ಕಟ್ಟಿದರೆ ಮುಂದಿನ ಚೆಕಪ್ಪಿನವರೆಗೆ ಕಾಯಬೇಡಿ. ಅವತ್ತೇ ಹೋಗಿ, ಭಾನುವಾರವಾದರೂ ಸರಿ.