ವೈಡ್, ಫಾಸ್ಟ್, ಚಿಕ್ಕದು: ಫಿಲ್ಮ್ ಕ್ಯಾಮೆರಾಗೆ ಎಂಥ ಲೆನ್ಸ್?

ಎಲ್ಲರಿಗೂ ನಮಸ್ಕಾರ. ಫಿಲ್ಮ್‌ನಲ್ಲಿ ಫೋಟೋ ತೆಗೆಯುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಲೆನ್ಸ್ ವೈಡ್ ಆಗಿರಬೇಕು, ಕಡಿಮೆ ಬೆಳಕಿಗೂ ಒದಗಬೇಕು, ಚೀಲದಲ್ಲಿ ಜಾಗವನ್ನೂ ತಿನ್ನಬಾರದು. ಯಾವುದು ತಗೊಳ್ಳೋಣ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: 28 ಮಿ.ಮೀ., ಎಫ್/2. ಮಿ.ಮೀ. ಕಡಿಮೆಯಾದಷ್ಟೂ ನೋಟ ವೈಡ್; ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ, ಅಂದರೆ ಫಾಸ್ಟ್. ಎಫ್/1.4ರ ಆಸೆಗೆ ಬಿದ್ದರೆ ಗಾತ್ರವೂ ಬೆಲೆಯೂ ಕೈ ಮೀರುತ್ತವೆ.

ಗಾತ್ರ ಬೆಳೆಯುವುದಕ್ಕೆ ಮುಖ್ಯ ಕಾರಣ ಎಸ್‌ಎಲ್‌ಆರ್ (ಲೆನ್ಸ್ ಮೂಲಕವೇ ದೃಶ್ಯ ತೋರಿಸುವ ಕ್ಯಾಮೆರಾ) ಒಳಗಿನ ಕನ್ನಡಿ. ಫೋಟೋ ತೆಗೆಯುವಾಗ ಅದು ಮೇಲೇಳಲು ಜಾಗ ಬೇಕಲ್ವಾ? ನಿಕಾನ್ ಎಫ್ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಮೌಂಟ್‌ನಿಂದ ಫಿಲ್ಮ್‌ಗೆ 46.5 ಮಿ.ಮೀ. ದೂರ. 28 ಮಿ.ಮೀ. ಲೆನ್ಸನ್ನು ಸಾದಾ ವಿನ್ಯಾಸದಲ್ಲಿ ಮಾಡಿದರೆ ಅದರ ಹಿಂಭಾಗ ಕನ್ನಡಿಗೆ ಅಡ್ಡ ಬರುತ್ತದೆ. ಹಾಗಾಗಿ ಮುಂದೆ ಬೆಳಕನ್ನು ಹರಡಿಸುವ ದೊಡ್ಡ ಗಾಜು ಕೂರಿಸಿ, ಇಡೀ ಲೆನ್ಸನ್ನು ಫಿಲ್ಮ್‌ನಿಂದ ದೂರ ಇಡುತ್ತಾರೆ. 1950ರಲ್ಲಿ ಫ್ರಾನ್ಸಿನ ಆಂಜೆನ್ಯೂ ತಂದ 35 ಮಿ.ಮೀ. ರೆಟ್ರೋಫೋಕಸ್ ಲೆನ್ಸ್ ಹಿಡಿದ ದಾರಿ ಇದೇ. ಲೆನ್ಸ್ ಬಿಟ್ಟು ಬೇರೆ ಕಿಂಡಿಯಿಂದ ದೃಶ್ಯ ನೋಡುವ ರೇಂಜ್‌ಫೈಂಡರ್ ಕ್ಯಾಮೆರಾಗೆ ಆ ಕನ್ನಡಿಯೇ ಇಲ್ಲ. ಲೈಕಾ ಎಂ ಮೌಂಟ್‌ನಲ್ಲಿ ಆ ದೂರ ಬರೀ 27.8 ಮಿ.ಮೀ. ಚಿಕ್ಕ ಗಾತ್ರವೇ ಮುಖ್ಯ ಅನ್ನುವವರು ಆ ಕಡೆ ನೋಡಲೇಬೇಕು.

ಎಸ್‌ಎಲ್‌ಆರ್ ಬಿಡಲಾರೆ ಅನ್ನುವವರಿಗೆ ಒಲಿಂಪಸ್ ಓಎಂನ ಜುಯಿಕೋ 28 ಮಿ.ಮೀ. ಎಫ್/2 ಇದೆ. ಫಿಲ್ಟರ್ ಅಳತೆ 49 ಮಿ.ಮೀ., ತೂಕ ಕಾಲು ಕಿಲೋ ಆಸುಪಾಸು. ನಿಕಾನ್‌ನ 28 ಎಫ್/2 ಕೂಡ ಒಳ್ಳೆಯದೇ, ಆದರೆ ಉದ್ದ, ತೂಕ ಎರಡೂ ಜಾಸ್ತಿ.

ಎಫ್/2.8 ಸಾಲದೇ? ಹಗಲಿಗೆ ಧಾರಾಳವಾಗಿ ಸಾಕು. ರಾತ್ರಿ ಮನೆಯೊಳಗೆ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 400ರ ಫಿಲ್ಮ್‌ಗೆ ಎಫ್/2ರಲ್ಲಿ 1/30 ಸೆಕೆಂಡ್ ಶಟರ್ ವೇಗ ಸಿಗುತ್ತದೆ ಅಂದುಕೊಳ್ಳಿ. ಎಫ್/2.8ಕ್ಕೆ ಅದು 1/15ಕ್ಕೆ ಇಳಿಯುತ್ತದೆ. ವೈಡ್ ಲೆನ್ಸ್ ಆದ್ದರಿಂದ ಕೈ ನಡುಕ ಹೇಗೋ ತಡೆಯಬಹುದು. ಆದರೆ ಎದುರಿಗಿರುವವರು ಮಾತಾಡುತ್ತಾ ಕೈ ಎತ್ತಿದರೆ ಆ ಕೈ ಕಲಸಿಹೋಗುತ್ತದೆ. ನಾನು ಎಫ್/2 ಕೇಳುವುದು ಇದಕ್ಕೇ. ಹಿನ್ನೆಲೆ ಮಸುಕು ಮಾಡೋದಕ್ಕಲ್ಲ.

ಫೋಕಸ್ ಬಗ್ಗೆ ಒಂದು ಎಚ್ಚರ. ವೈಡ್ ಲೆನ್ಸ್‌ನಲ್ಲಿ ಎಲ್ಲವೂ ತಾನಾಗಿ ಶಾರ್ಪ್ ಬರುತ್ತದೆ ಅನ್ನೋ ಮಾತು ಎಫ್/8ಕ್ಕೆ ಸರಿ. ಎಫ್/2ರಲ್ಲಿ ಎರಡು ಮೀಟರ್‌ಗೆ ಫೋಕಸ್ ಮಾಡಿದರೆ ಸುಮಾರು 1.7ರಿಂದ 2.4 ಮೀಟರ್‌ವರೆಗೆ ಮಾತ್ರ ಸ್ಪಷ್ಟ. ವ್ಯೂಫೈಂಡರ್‌ನಲ್ಲಿ ಎಲ್ಲವೂ ಸಣ್ಣದಾಗಿ ಕಾಣುವುದರಿಂದ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಮುಖದ ಮೇಲೆ ಸುಮ್ನೆ ತಡಕಾಡಬೇಡಿ. ಅದೇ ದೂರದಲ್ಲಿರುವ ಬಾಗಿಲ ಅಂಚೋ ಅಂಗಿಯ ಗುಂಡಿಪಟ್ಟಿಯೋ ಹುಡುಕಿ. ವ್ಯೂಫೈಂಡರ್ ನಡುವೆ ಚಿತ್ರವನ್ನು ಎರಡು ಹೋಳಾಗಿ ತೋರಿಸುವ ಸ್ಪ್ಲಿಟ್ ಇಮೇಜ್‌ನಲ್ಲಿ ಆ ಗೆರೆ ಮುರಿಯದೆ ಕೂಡಿಕೊಂಡರೆ ಫೋಕಸ್ ಕೂತಿದೆ ಅಂತ ಅರ್ಥ.

ಇಂಥ ಲೆನ್ಸ್‌ಗಳು ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಸಿಗುವಂಥವು. ಕೊಳ್ಳುವ ಮೊದಲು ಅಪರ್ಚರ್ (ಬೆಳಕು ಒಳಬಿಡುವ ರಂಧ್ರ) ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಫಂಗಸ್, ಬಿಟ್ಟುಬಿಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಆಮೇಲೆ ಅಪರ್ಚರ್ ಕಿರಿದು ಮಾಡಿ, ಹಿಂದಿನ ಲಿವರ್ ಒತ್ತಿ ನೋಡಿ. ಆ ರಂಧ್ರವನ್ನು ಕಿರಿದಾಗಿಸುವ ತೆಳು ಎಲೆಗಳು ಚಟ್ಟನೆ ಚಲಿಸಬೇಕು. ಎಣ್ಣೆ ಹತ್ತಿ ನಿಧಾನವಾಗಿದ್ದರೆ ಸರ್ವಿಸ್ ಖರ್ಚು ಕಳೆದೇ ಬೆಲೆ ಮಾತಾಡಿ.