ಫ್ರಿಜ್ಜಿನಲ್ಲಿರುವ ಆ ಡ್ರಾಪ್ಸ್ ಬಾಟಲಿ

ನಮಸ್ಕಾರ. ಒಂದು ಕೆಲಸ ಮಾಡಿ. ಫ್ರಿಜ್ ಬಾಗಿಲಲ್ಲಿ ಹಳೆಯ ಕಣ್ಣಿನ ಡ್ರಾಪ್ಸ್ ಇದ್ದರೆ ತೆಗೆದು ಓದಿ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್, ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್, ಅಂದರೆ ಊತ, ತುರಿಕೆ ಬೇಗ ಇಳಿಸುವ ಔಷಧಿ.

ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ. ಆದರೆ ಎಲ್ಲರ ಮೈಗೂ ಒಂದೇ ತರಹ ಒಗ್ಗುವುದಿಲ್ಲ, ಮತ್ತು ಅದರಲ್ಲಿ ಮನೆತನದ ಪಾಲೂ ಇರುತ್ತದೆ. 1960ರ ದಶಕದಲ್ಲೇ ಬೆಕರ್ ಮತ್ತು ಅರ್ಮಾಲಿ ಎಂಬ ವೈದ್ಯರು ಇದನ್ನು ತೋರಿಸಿದರು: ಕೆಲವು ವಾರ ಈ ಡ್ರಾಪ್ಸ್ ಹಾಕಿದರೆ ನೂರರಲ್ಲಿ ಸುಮಾರು 5 ಜನರಿಗೆ ಕಣ್ಣಿನ ಪ್ರೆಶರ್ ಜೋರಾಗಿ ಏರುತ್ತದೆ. ಪ್ರೆಶರ್ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆಯೇ ಗ್ಲಾಕೋಮಾ, ನಮ್ಮ ಮುಂಬೈಯವರು ಹೇಳುವ ಕಾಚಬಿಂದು. ಮನೆಯಲ್ಲಿ ಅದು ಇದ್ದವರಿಗೆ ಈ ಅಪಾಯ ಜಾಸ್ತಿ.

ಡೊಂಬಿವಲಿಯಿಂದ ಒಬ್ಬ ತಾಯಿ ಹನ್ನೊಂದು ವರ್ಷದ ಮಗನನ್ನು ಕರೆತಂದರು. ಬೇಸಿಗೆ ಬಂತೆಂದರೆ ಹುಡುಗನಿಗೆ ಕಣ್ಣು ತುರಿಕೆ. ಮೆಡಿಕಲ್‌ನಲ್ಲಿ ಕೊಟ್ಟ ಡ್ರಾಪ್ಸ್‌ನಿಂದ ಎರಡೇ ದಿನಕ್ಕೆ ಆರಾಮ, ಹಾಗಾಗಿ ಮೂರು ಬೇಸಿಗೆ ಅದನ್ನೇ ಹಾಕಿದ್ದರು. ನಾನು ಕಣ್ಣಿನ ಪ್ರೆಶರ್ ನೋಡಿದೆ, 38! ಸಾಮಾನ್ಯವಾಗಿ 21 ದಾಟಬಾರದು. "ಮನೆಯಲ್ಲಿ ಯಾರಿಗಾದರೂ ಕಾಚಬಿಂದು ಇದೆಯಾ?" "ಇಲ್ಲ ಡಾಕ್ಟ್ರೇ." ಅಷ್ಟರಲ್ಲಿ ಅಜ್ಜಿ ಒಳಗೆ ಬಂದರು. ಕುರ್ಚಿಯ ಕೈ ಎಲ್ಲಿದೆ ಅಂತ ತಡವಿ ತಡವಿ ಕೂತರು. "ಅಮ್ಮನಿಗೆ ವಯಸ್ಸಾಯ್ತಲ್ಲ, ಮೋತಿಬಿಂದು, ಕಣ್ಣಿನ ಪೊರೆ ಇರಬೇಕು" ಅಂದರು ಹುಡುಗನ ತಾಯಿ. ಅಜ್ಜಿ ಸೆರಗಿನ ಗಂಟಿನಿಂದ ಮಡಚಿಟ್ಟ ಚೀಟಿ ತೆಗೆದರು, ಕುಂದಾಪುರದಲ್ಲಿ ತೋರಿಸಿದ್ದು. ಅದರಲ್ಲಿ ಗ್ಲಾಕೋಮಾ ಅಂತ ಬರೆದಿತ್ತು. ಆ ಚೀಟಿಯನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ. ನನಗೆ ತುಂಬಾ ಸಂಕಟವಾಯಿತು. ಡ್ರಾಪ್ಸ್ ಬದಲಾಯಿಸಿದೆವು, ಹುಡುಗನ ಪ್ರೆಶರ್ ಇಳಿಯಿತು, ಆದರೆ ಬದಿಯ ನೋಟ ಸ್ವಲ್ಪ ಹೋಗಿತ್ತು. ಹೋದ ನೋಟ ವಾಪಸ್ ಬರುವುದಿಲ್ಲ. ಈ ಕಾಯಿಲೆಯಲ್ಲಿ ಹೆಚ್ಚಾಗಿ ನೋವೂ ಇರುವುದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ.

ಸಮಯ ಮುಗಿಯುತ್ತಾ ಬಂತು. ಮಾತ್ರೆಯ ಸ್ಟೀರಾಯ್ಡ್ ವಿಷಯ ಎರಡೇ ಮಾತಿನಲ್ಲಿ ಹೇಳುತ್ತೇನೆ. ಅದು ರಕ್ತದ ಸಕ್ಕರೆ ಏರಿಸಬಹುದು, ಹಾಗಾಗಿ ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ತುಂಬಾ ದಿನದಿಂದ ನುಂಗುತ್ತಿದ್ದರೆ, ನನ್ನ ಮಾತು ಕೇಳಿ ಹೆದರಿಕೊಂಡು ಇವತ್ತೇ ನಿಲ್ಲಿಸಬೇಡಿ, ಅದು ಪ್ರಾಣಕ್ಕೇ ಅಪಾಯ, ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು.

ರಾತ್ರಿ ಊರಿಗೆ ಫೋನ್ ಮಾಡುತ್ತೀರಲ್ಲ, ಅಜ್ಜಿಯ ಕಣ್ಣಿಗೆ ಏನಾಗಿತ್ತು ಅಂತ ಕೇಳಿ. ಹಳೆಯ ಚೀಟಿ ಇದ್ದರೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಲು ಹೇಳಿ.