ಕುಮಟಾದಿಂದ ಗೋಕರ್ಣಕ್ಕ, ಸಮುದ್ರದ ದಂಡಿ ಹಿಡದು

ನಮಸ್ಕಾರ್ರಿ ಎಲ್ಲಾರಿಗೂ. ಹುಬ್ಬಳ್ಳಿ-ಧಾರವಾಡದ ಮಂದಿ ಸಮುದ್ರಕ್ಕ ಹೊಂಟ್ರ ದಾರಿ ಗೊತ್ತಿದ್ದದ್ದ: ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ನಸುಕಿನ್ಯಾಗ ಬಿಟ್ಟು ಗೋಕರ್ಣ, ಮುರುಡೇಶ್ವರ ಎರಡೂ ಮುಗಿಸಿ ರಾತ್ರಿ ಮನಿ ಮುಟ್ಟತೇವಿ. ಹಂಗ ಓಡ್ಯಾಡಿದ್ರ ಗುಡಿ ಕಾಣತೈತಿ, ಹೈವೇ ಕಾಣತೈತಿ, ಕರಾವಳಿ ಕೈಗೆ ಸಿಗೂದಿಲ್ಲ. ಅದಕ್ಕ ಈ ಸಲ ನಾನು, ನನ್ನ ತಮ್ಮ ಬ್ಯಾರೆ ದಾರಿ ಹಿಡದೇವಿ. ಮುಂಡಗೋಡ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳದು ಕುಮಟಾ. ಅಲ್ಲಿಂದ ಗೋಕರ್ಣದ ತನಕ ಕಾಲನಡಗಿ.

ದೇವಿಮನೆ ಘಟ್ಟಾನ ಯಾಕ ಅಂತ ಕೇಳಬಹುದು. ನಮ್ಮ ಹತ್ತಿ ಸಮುದ್ರಕ್ಕ ಇಳದ ದಾರಿ ಇದು. 19ನೇ ಶತಮಾನದಾಗ ಧಾರವಾಡ, ಗದಗ ಸೀಮಿಯ ಎರಿ ಹೊಲದ ಹತ್ತಿ ಘಟ್ಟ ಇಳದು ಕುಮಟಾಕ್ಕ ಬರತಿತ್ತು. ಅಲ್ಲಿಂದ ಹಡಗಿನ್ಯಾಗ ಮುಂಬೈ, ಮುಂಬೈಯಿಂದ ಇಂಗ್ಲೆಂಡಿನ ಗಿರಣಿ. ಬೆಳದವರು ನಮ್ಮ ರೈತರು, ಆದ್ರ ಪ್ಯಾಟ್ಯಾಗ ಆ ಮಾಲಿಗೆ ಕುಮಟಾ ಹತ್ತಿ ಅಂತನ ಹೆಸರಿತ್ತು. 1861ರಿಂದ 1865ರ ತನಕ ಅಮೆರಿಕದಾಗ ಅಂತರ್ಯುದ್ಧ ನಡದು ಅಲ್ಲಿನ ಹತ್ತಿ ನಿಂತಾಗ, ಇಲ್ಲಿನ ಹತ್ತಿಗೆ ಬಂಗಾರದ ಬೆಲಿ ಬಂತು. 1862ರಾಗ ಉತ್ತರ ಕನ್ನಡ ಜಿಲ್ಲಾನ ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬೈ ಪ್ರಾಂತಕ್ಕ ಸೇರಿಸಿದ್ದರ ಹಿಂದೂ ಈ ಹತ್ತಿ ವ್ಯಾಪಾರ ಐತಿ. ಆಮ್ಯಾಲ 1880ರ ದಶಕದಾಗ ನಮ್ಮ ಕಡೆ ರೈಲು ಬಂತು, ಹತ್ತಿ ಗೋವಾದ ಮುರ್ಮಗೋವಾ ಬಂದರಿಗೆ ತಿರುಗಿತು, ಕುಮಟಾದ ಬಂಡಿ ಸಾಲು ಕರಗಿತು. ಹತ್ತಿ ಹಡಗು ನಿಲ್ಲತಿದ್ದ ಆ ನೀರಿನ ಮುಂದ ನಿಂತಾಗ ಈ ಊರು ನಮಗ ಪರಊರಲ್ಲ ಅನ್ನಿಸ್ತು.

ಈಗ ನಡಗಿ ಶುರು. ಕುಮಟಾ ಬಿಟ್ಟು ಬಡಗಣಕ್ಕ ಹೊಂಟ್ರ ಕಡ್ಲೆ, ಬಾಡ, ಕಾಗಾಲ, ಒಂದಾದ ಮ್ಯಾಲ ಒಂದು ಉಸುಕಿನ ದಂಡಿ. ನಡುನಡುವ ಗುಡ್ಡ ಸೀದಾ ಬಂದು ಸಮುದ್ರಕ್ಕ ಕಾಲು ಚಾಚ್ಯಾವ. ಮ್ಯಾಲ ಕೆಂಪ ಚಿರೇಕಲ್ಲು, ಕೆಳಗ ತೆರಿ ಬಡದು ಬಡದು ಕರ್ರಗಾದ ಬಂಡೆಗಲ್ಲು. ಕ್ಯಾಮೆರಾ ಸ್ವಲ್ಪ ಹತ್ರ ತಂದೀನಿ, ನೋಡ್ರಿ: ಈ ಚಿರೇಕಲ್ಲಿನ ಮೈ ತುಂಬ ತೂತು, ಜೇನಹುಟ್ಟಿನಂಗ. ಒಂದು ತೂತಿನ್ಯಾಗ ಉಪ್ಪು ಬೆಳ್ಳಗ ಕಟ್ಟೈತಿ, ಪಕ್ಕದ್ದರಾಗ ಬೆರಳುಗುರಿನಷ್ಟ ಏಡಿ ಕುಂತೈತಿ. ನಮ್ಮ ನೆರಳು ಬಿದ್ದ ಕೂಡಲೇ ಒಳಗ ಸರೀತು. ಮಳಿ ಮುಗದ ಹೊಸದಾಗ ಬಂದ್ರ ಇದ ಕಲ್ಲಿನ ಮ್ಯಾಲ ಹುಲ್ಲು, ಸಣ್ಣ ಸಣ್ಣ ಹೂ ಇರತಾವ. ಬ್ಯಾಸಗ್ಯಾಗ ಮಾತ್ರ ಬ್ಯಾಡ್ರಿ. ಗುಡ್ಡದ ನೆತ್ತಿ ಮ್ಯಾಲ ಒಂದು ಗಿಡದ ನೆರಳಿಲ್ಲ, ಕಲ್ಲು ಕಾದ ಹಂಚು.

ಇಲ್ಲಿ ಗಡಿಯಾರಕ್ಕಿಂತ ಉಬ್ಬರ-ಇಳಿತ ದೊಡ್ಡದು. ಒಂದು ಉಬ್ಬರದಿಂದ ಇನ್ನೊಂದಕ್ಕ ಸುಮಾರು 12 ತಾಸು 25 ನಿಮಿಷ, ಹಿಂಗಾಗಿ ದಿನಾ 50 ನಿಮಿಷದಷ್ಟು ಹೊತ್ತು ಮುಂದಕ್ಕ ಸರೀತೈತಿ. ಅಮಾಸಿ, ಹುಣ್ಣಿಮಿ ಹತ್ರ ನೀರು ಇನ್ನೂ ಜಾಸ್ತಿ ಏರತೈತಿ. ಇಳಿತದಾಗ ಬಂಡೆಗಲ್ಲಿನ ಮ್ಯಾಲ ಹಾಯಾಗಿ ದಾಟಿದ ಜಾಗಾ, ಉಬ್ಬರದಾಗ ಪೂರ್ತಿ ಮುಚ್ಚಿ ಹೋಗತೈತಿ. ಆಗ ಗುಡ್ಡದ ಮ್ಯಾಲಿನ ಕಾಲುದಾರಿನ ಗತಿ. ಊರಾಗಿನ ಮೀನುಗಾರರನ್ನ ಕೇಳ್ರಿ, ಅವರ ಮಾತಿಗಿಂತ ನಂಬಿಗಸ್ತ ಆ್ಯಪ್ ಇಲ್ಲ.

ಮುಂದ ಅಘನಾಶಿನಿ. ಈ ನದೀನ ನಾನು ಭಾಳ ಪ್ರೀತಿಯಿಂದ ತೋರಸ್ತೀನಿ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಾಗ 116 ಮೀಟರ್ ಧುಮುಕಿ, ದೊಡ್ಡ ಅಣೆಕಟ್ಟು ಒಂದೂ ಇಲ್ಲದ ಇಲ್ಲಿ ಸಮುದ್ರ ಸೇರತೈತಿ. ನೀರು ಇಳದಿತ್ತು. ಹೆಣ್ಣಮಕ್ಕಳು ಮೊಣಕಾಲಮಟ ರಾಡಿಯೊಳಗ ನಿಂತು, ಬಗ್ಗಿ, ಕೈಯಾಡಿಸಿ ಬಳಚು ಆರಸತಿದ್ರು. ಕೈಗೆ ಚಿಪ್ಪು ತಗಲಿದ್ದನ್ನ ಕಣ್ಣಿಂದ ನೋಡೂದ ಇಲ್ಲ, ಸೀದಾ ಬುಟ್ಟಿಗೆ.

"ಅವ್ವಾ, ಎಷ್ಟೊತ್ತಿನ ತನಕ ಆರಸ್ತೀರಿ?" ಅಂತ ನನ್ನ ತಮ್ಮ ಕೇಳಿದ.

"ನೀರು ಏರುವರೆಗೆ ತಮಾ, ಮತ್ತೆಂಥದು" ಅಂದ್ರು.

ಉಪ್ಪುನೀರು ತಡಕೊಂಡು ಬೆಳಿಯೂ ಕಗ್ಗ ಭತ್ತ ಇದ ಹಿನ್ನೀರಿನ ಗಜನಿ ಗದ್ದಿಯೊಳಗ ಐತಿ. 2024ರ ಜನವರಿಯೊಳಗ ಈ ಅಘನಾಶಿನಿ ಅಳಿವೆಗೆ ರಾಮ್ಸಾರ್ ತಾಣದ ಮಾನ್ಯತೆ, ಅಂದ್ರ ಜಗತ್ತಿನ ಮಟ್ಟದಾಗ ಮಹತ್ವದ ಜೌಗು ಜಾಗಾ ಅನ್ನೂ ಮಾನ್ಯತೆ ಸಿಕ್ತು. ಅದರ ಜೋಡೀನ ಮಾನ್ಯತೆ ಸಿಕ್ಕಿದ್ದು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರಿಗೆ, ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಚಳಿಗಾಲ ಕಳಿಯಾಕ ಬರೂ ಕೆರಿ. ಎರಡೂ ನೋಡಿದವರು ಕಾಮೆಂಟಿನ್ಯಾಗ ಬರೀರಿ, ಓದಾಕ ಆಸೆ ಐತಿ.

ಅಘನಾಶಿನಿ ಊರಿಂದ ತದಡಿಗೆ ತಾರಿ ದೋಣಿ. ದಾಟಿದ ಮ್ಯಾಲ ಬೇಲೇಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ಓಂ ಬೀಚ್ ಎಲ್ಲಾರೂ ನೋಡೀರಿ, ಅದನ್ನ ವಿವರಿಸೂದಿಲ್ಲ. ಪ್ಯಾರಡೈಸಿಗೆ ಗಾಡಿ ರಸ್ತೆ ಇಲ್ಲ, ಕಾಲಾಗರ ಹೋಗಬೇಕು, ಬೋಟಿನ್ಯಾಗರ ಹೋಗಬೇಕು. ಅಲ್ಲಿಂದ ಹಾಫ್ ಮೂನಿಗೆ ಏರೂ ದಾರಿ ಇಡೀ ನಡಗಿಯೊಳಗ ನನಗ ಎಲ್ಲಕ್ಕಿಂತ ಹಿಡಿಸಿದ ತುಣುಕು. ಎಡಕ್ಕ ನೋಡಿದ್ರ ಪಾದದ ಕೆಳಗ ತೆರಿ ಒಡಿಯೂ ಸಪ್ಪಳ, ಬಲಕ್ಕ ಕುರುಚಲ ಗಿಡ, ಎದುರಿಗೆ ಅರ್ಧಚಂದ್ರದ ಉಸುಕು.

ಒಂದು ಮಾತು ಕೈಮುಗದು ಹೇಳತೇನಿ. ನಾವು ಕೆರಿ-ಬಾವ್ಯಾಗ ಈಜು ಕಲತ ಮಂದಿ, ಸಮುದ್ರದ ಸೆಳೆತ ಬ್ಯಾರೆ. ನೀರು ಒಳಗ ಎಳದ್ರ ದಂಡಿ ಕಡೆ ಎದುರೀಜಿ ಸುಸ್ತಾಗಬ್ಯಾಡ್ರಿ. ದಂಡಿ ಉದ್ದಕ್ಕ ಅಡ್ಡ ಈಜಿ ಸೆಳೆತದಿಂದ ಹೊರಗ ಬಂದು, ಆಮ್ಯಾಲ ದಂಡಿಗೆ ತಿರುಗ್ರಿ. ಮಳಿಗಾಲದಾಗ ಬಂಡೆಗಲ್ಲಿನ ಮ್ಯಾಲ ಪಾಚಿ ಇರತೈತಿ, ಫೋಟೋಕ್ಕಂತ ಅಂಚಿಗೆ ಹೋಗಬ್ಯಾಡ್ರಿ.

ವಯಸ್ಸಾದವರು ಜೋಡಿ ಇದ್ರ ಈ ನಡಗಿ ಬ್ಯಾಡ, ಕುಮಟಾ ಹತ್ರ ಮಿರ್ಜಾನ ಕೋಟಿಗೆ ಕರಕೊಂಡು ಹೋಗ್ರಿ. ನಡಿಯವರು ನವೆಂಬರದಿಂದ ಫೆಬ್ರವರಿ ಒಳಗ ಬರ್ರಿ, ಎರಡು ದಿನ ಇಟಗೊಳ್ರಿ, ನೀರು ಜಾಸ್ತಿ ಹೊರ್ರಿ. ತದಡಿಗೆ ಕೊನೀ ತಾರಿ ಎಷ್ಟಕ್ಕ ಅಂತ ಕುಮಟಾದಾಗನ ಕೇಳಿಟಗೊಂಡು ಹೊಂಡ್ರಿ.